ಡಿಜೆ ನಿಂತರೂ ಕಿವಿ ಗುಂಯ್‌ಗುಡುತ್ತಿದ್ದರೆ

ಭಾನುವಳ್ಳಿಯ ತಮ್ಮಂದಿರೇ, ಗಣಪತಿ ಮೆರವಣಿಗೆಯ ಡಿಜೆ ಮುಂದೆ ಕುಣಿದು ಬಂದ ರಾತ್ರಿ, ಇಲ್ಲವೇ ಪಕ್ಕದಲ್ಲೇ ಪಟಾಕಿ ಸಿಡಿದ ಮೇಲೆ ಕಿವಿ ಗುಂಯ್ ಎನ್ನತೊಡಗಿದರೆ ಗಾಬರಿ ಬೇಡ. ಒಳಗಿವಿಯ ಸೂಕ್ಷ್ಮ ಕೋಶಗಳಿಗೆ ಪೆಟ್ಟಾಗಿರುತ್ತದೆ. ಬಹಳ ಸಲ ಒಂದೆರಡು ದಿನದಲ್ಲಿ ಮೊರೆತ ಇಳಿಯುತ್ತದೆ. ಕಿವಿಗೆ ಬಿಸಿ ಎಣ್ಣೆ ಮಾತ್ರ ಹಾಕಬೇಡಿ, ಮನೆಯ ಹಿರಿಯರು ಹೇಳಿದರೂ ಬೇಡ.

ಕಿವಿ ಮಂದವಾದರೆ, ತಲೆ ಸುತ್ತಿದರೆ, ರಕ್ತ ಬಂದರೆ ಕಾಯಬೇಡಿ. ಅಂದೇ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ, ಕಿವಿ ವೈದ್ಯರಿಗೆ ತೋರಿಸಿ. ಹಠಾತ್ತನೆ ಕಿವಿ ಕೇಳದಾದಾಗ ಕೊಡುವ ಸ್ಟಿರಾಯ್ಡ್ ಚಿಕಿತ್ಸೆಗೆ ಮೊದಲ ದಿನಗಳೇ ಮುಖ್ಯ.

ನಿಶ್ಶಬ್ದದಲ್ಲಿ ಮೊರೆತ ಜೋರೆನಿಸುತ್ತದೆ. ಫ್ಯಾನ್ ತಿರುಗಲಿ, ರೇಡಿಯೊ ಮೆಲ್ಲಗಿರಲಿ. ಅದನ್ನೇ ಆಲಿಸುತ್ತ ಕೂರಬೇಡಿ. ತಿಂಗಳುಗಟ್ಟಲೆ ಉಳಿದರೂ ಹೆಚ್ಚಿನವರ ಮಿದುಳು ನಿಧಾನವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿದ್ದೆಗೆಟ್ಟು ಮನಸ್ಸು ಕುಗ್ಗಿದರೆ ಅದನ್ನೂ ವೈದ್ಯರಿಗೆ ಹೇಳಿ. ಮುಂದಿನ ಮೆರವಣಿಗೆಯಲ್ಲಿ ಸ್ಪೀಕರಿನಿಂದ ದೂರವೇ ನಿಲ್ಲಿ.