ಬಿಸಿಲನ್ನು ನುಂಗುವ ರಾಸಾಯನಿಕಗಳು

ಮುಂಬಯಿಯ ಚಾಳುಗಳ ಗಚ್ಚಿಯ ಮೇಲೆ ಮರೆತುಬಿಟ್ಟ ಪ್ಲಾಸ್ಟಿಕ್ ಬಕೆಟ್ಟನ್ನು ವಿದ್ಯಾರ್ಥಿಗಳಾದ ನೀವೆಲ್ಲರೂ ನೋಡಿರುತ್ತೀರಿ. ಕೆಲವು ಬೇಸಗೆಗಳು ಕಳೆದ ಮೇಲೆ ಅದರ ಬಣ್ಣ ಮಾಸುತ್ತದೆ. ಹಿಡಿದೆತ್ತಿದರೆ ಅಂಚು ಸಿಡಿದು ಚೂರಾಗುತ್ತದೆ. ಆದರೆ ಪಕ್ಕದಲ್ಲಿಯೇ ನಿಂತ ಕಪ್ಪು ಬಣ್ಣದ ನೀರಿನ ಟಾಕಿಯು ಎಷ್ಟೋ ವರ್ಷ ಬಿಸಿಲನ್ನುಂಡರೂ ಸುಲಭವಾಗಿ ಬಿರುಕುಬಿಡದು. ಎರಡೂ ಪ್ಲಾಸ್ಟಿಕ್ಕೇ. ಹಾಗಿದ್ದರೆ ಈ ಭೇದವು ಎಲ್ಲಿಂದ ಬಂದಿತು?

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ ಕಾಣದ ಕಿರಣಗಳೂ ಉಂಟು. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿಜ್ಞಾನಿಯು, ವರ್ಣಪಟಲದಲ್ಲಿ ನೇರಳೆಯಿಂದಾಚೆಗಿನ ಕತ್ತಲೆಯಲ್ಲಿ ಸಿಲ್ವರ್ ಕ್ಲೋರೈಡು ಬೇಗನೆ ಕಪ್ಪಾಗುವುದನ್ನು ಕಂಡನು. ಅಲ್ಲಿದ್ದುದೇ ಅತಿನೇರಳೆ ಕಿರಣ. ಅದರ ತರಂಗದ ಉದ್ದವು 400 ನ್ಯಾನೊಮೀಟರಿಗಿಂತ ಕಡಿಮೆ. ತರಂಗವು ಗಿಡ್ಡವಾದಷ್ಟೂ ಶಕ್ತಿಯು ಹೆಚ್ಚು. 280 ನ್ಯಾನೊಮೀಟರಿಗಿಂತ ಗಿಡ್ಡವಾದವುಗಳನ್ನು ವಾಯುಮಂಡಲವು ತಡೆದುಬಿಡುತ್ತದೆ. ಉಳಿದು ನೆಲಕ್ಕೆ ಬೀಳುವ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳ ಕೊಂಡಿಗಳನ್ನು ಕಳಚುತ್ತವೆ. ಅಲ್ಲಿ ಗಾಳಿಯ ಆಮ್ಲಜನಕವು ಸೇರಿ ಸರಪಳಿಯು ತುಂಡುತುಂಡಾಗುತ್ತದೆ. ಅದೇ ಕಿರಣಗಳು ನಮ್ಮ ಚರ್ಮವನ್ನೂ ಸುಡುತ್ತವೆ.

ಇದನ್ನು ತಡೆಯಲೆಂದು ಬೆರೆಸುವ ವಸ್ತುಗಳನ್ನು ನಾವು ಅತಿನೇರಳೆ ಹೀರಕಗಳೆಂದು ಕರೆಯೋಣ. ಟಾಕಿಗೆ ಕಪ್ಪು ಬಣ್ಣವನ್ನು ಕೊಡುವ ಇಂಗಾಲದ ಪುಡಿಯೂ ಅಂಥದೇ. ಬಣ್ಣಗೆಡಬಾರದ ವಸ್ತುಗಳಿಗೆ ಬೆಂಜೋಫಿನೋನ್, ಬೆಂಜೋಟ್ರಯಜೋಲ್ ವರ್ಗದ ರಾಸಾಯನಿಕಗಳನ್ನು ಬಳಸುತ್ತಾರೆ. ಇವುಗಳ ಕೆಲಸವು ಸ್ವಾರಸ್ಯವಾದುದು. ಕಿರಣವನ್ನು ನುಂಗಿದೊಡನೆ ಅಣುವಿನೊಳಗಿನ ಒಂದು ಜಲಜನಕವು ತನ್ನ ನೆಲೆಯನ್ನು ಬಿಟ್ಟು ನೆರೆಯ ಪರಮಾಣುವಿನೆಡೆಗೆ ಜಿಗಿಯುತ್ತದೆ, ಮರುಕ್ಷಣವೇ ಹಿಂದಿರುಗುತ್ತದೆ. ಕಿರಣದ ಶಕ್ತಿಯು ಶಾಖವಾಗಿ ಚದುರಿಹೋಗುತ್ತದೆ. ಅಣುವು ಮತ್ತೊಂದು ಕಿರಣಕ್ಕೆ ಸಿದ್ಧವಾಗುತ್ತದೆ. ಬಿಸಿಲಿಗೆಂದು ಹಚ್ಚುವ ಕೆಲವು ಮುಲಾಮುಗಳಲ್ಲಿರುವ ಆಕ್ಸಿಬೆಂಜೋನ್ ಬೆಂಜೋಫಿನೋನ್ ಕುಲಕ್ಕೇ ಸೇರಿದುದು. ನಮ್ಮ ಚರ್ಮದ ಮೆಲನಿನ್ ಎಂಬ ವರ್ಣದ್ರವ್ಯವಾದರೋ ಪ್ರಕೃತಿಯೇ ಕೊಟ್ಟ ಹೀರಕ. ಮೈ ಕಪ್ಪೆಂದು ಗೆಳೆಯರನ್ನು ಹಾಸ್ಯಮಾಡುವವರು ಇದನ್ನು ನೆನಪಿಡಬೇಕು.

ಆದರೆ ಕಾಯುವುದೇ ಕೇಡು ಮಾಡುವುದೂ ಉಂಟು. ಯುವಿ-328 ಎಂಬ ಬೆಂಜೋಟ್ರಯಜೋಲು ನಿಸರ್ಗದಲ್ಲಿ ಬೇಗನೆ ನಾಶವಾಗದು. ಜೀವಿಗಳ ದೇಹದಲ್ಲಿ ಸಂಗ್ರಹವಾಗುತ್ತದೆ. ಪ್ಲಾಸ್ಟಿಕ್ ಚೂರುಗಳೊಡನೆ ಕಡಲಿನಲ್ಲಿ ಬಹುದೂರ ಸಾಗುತ್ತದೆ. ಆದುದರಿಂದ 2023ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ತ್ಯಜಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಹವಳದ ಜೀವಿಗಳಿಗೆ ಹಾನಿಯಾದೀತೆಂದು ಹವಾಯಿ ರಾಜ್ಯವು 2018ರಲ್ಲಿ ಶಾಸನ ಮಾಡಿ, 2021ರ ಜನವರಿಯಿಂದ ಆಕ್ಸಿಬೆಂಜೋನ್ ಇರುವ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ತಡೆಯಿತು.

ಹೀರಕವಿಲ್ಲದಿದ್ದರೆ ಬಕೆಟ್ಟು ಬೇಗನೆ ಚೂರಾಗುತ್ತದೆ. ಆ ಚೂರುಗಳು ಮಳೆನೀರಿನೊಡನೆ ಗಟಾರವನ್ನು ಹಿಡಿದು ಅರಬ್ಬೀ ಸಮುದ್ರವನ್ನು ಸೇರುತ್ತವೆ. ಹೀರಕವಿದ್ದರೆ ಬಕೆಟ್ಟು ಬಾಳುತ್ತದೆ. ಆದರೆ ಆ ಹೀರಕವು ಯಾವುದೆಂಬ ಪ್ರಶ್ನೆಯು ಉಳಿಯುತ್ತದೆ. ಬಿಸಿಲನ್ನು ತಡೆದು, ಕೆಲಸ ಮುಗಿದ ಬಳಿಕ ನಿರಪಾಯವಾಗಿ ಮಣ್ಣಾಗುವ ವಸ್ತುವನ್ನು ಮುಂದೆ ನಿಮ್ಮಲ್ಲೊಬ್ಬರು ಕಂಡುಹಿಡಿಯಬಾರದೇಕೆ? ಅಲ್ಲಿಯವರೆಗೆ ನಮ್ಮ ಕೈಲಾದುದು ಇಷ್ಟು: ಬಕೆಟ್ಟನ್ನು ನೆರಳಿಗಿಡೋಣ, ನಡುಹಗಲಿನ ಆಟಕ್ಕೆ ಹೊರಡುವಾಗ ತಲೆಗೊಂದು ಟೊಪ್ಪಿಗೆಯನ್ನು ಧರಿಸೋಣ.