ಕೀ ಕೈಗೆ ಬಂದ ಮಾತ್ರಕ್ಕೆ ಗಾಡಿ ನಮ್ಮದಲ್ಲ

ಕಳೆದ ಡಿಸೆಂಬರಿನಲ್ಲಿ ನಾವು ನಾಲ್ವರು ಸೇರಿ ಒಂದು ಹಳೇ ಸ್ವಿಫ್ಟ್ ಕೊಳ್ಳೋಣ ಅಂತ ಹೊರಟೆವು. ಇಂಟರ್ನ್‌ಶಿಪ್‌ಗೆ ಯಲಹಂಕ ನ್ಯೂ ಟೌನಿನಿಂದ ಯಶವಂತಪುರಕ್ಕೆ ದಿನಾ ಹೋಗಿ ಬರಬೇಕಿತ್ತು. ಹೆಬ್ಬಾಳದಲ್ಲಿ ಬಸ್ಸು ಬದಲಿಸೋ ಹೊತ್ತಿಗೇ ಅರ್ಧ ಜೀವ ಹೋಗ್ತಿತ್ತು. ಆರ್.ಟಿ. ನಗರದಲ್ಲಿ ಒಬ್ಬರ ಬಳಿ ಗಾಡಿ ಇದೆ ಅಂತ ಗೊತ್ತಾಯ್ತು. ಕೆಎ-50 ನಂಬರ್, ಪೆಟ್ರೋಲ್, 2016ರ ಮಾಡೆಲ್. ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯನನ್ನ ಕರ್ಕೊಂಡು ಹೋದೆವು. ಕ್ಲಚ್, ಸಸ್ಪೆನ್ಷನ್, ಟೈರು ಎಲ್ಲ ನೋಡಿದ. ಓಬಿಡಿ ಸ್ಕ್ಯಾನರ್ ಹಾಕಿದ, ಒಂದು ಫಾಲ್ಟ್ ಕೋಡ್ ಕೂಡ ಬರಲಿಲ್ಲ. ಖುಷಿಯಲ್ಲಿ ಅಲ್ಲೇ 20,000 ರೂಪಾಯಿ ಅಡ್ವಾನ್ಸ್ ಕೊಟ್ಟೆವು.

ಆ ರಾತ್ರಿ ರೂಮಿನಲ್ಲಿ ಒಬ್ಬ ಸುಮ್ಮನೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದ. ‘ಫೈನಾನ್ಷಿಯರ್’ ಅನ್ನೋ ಜಾಗದಲ್ಲಿ ಒಂದು ಸಂಸ್ಥೆಯ ಹೆಸರಿತ್ತು. ಬೆಳಿಗ್ಗೆ ಫೋನ್ ಮಾಡಿದರೆ ‘ಲೋನ್ ಎಲ್ಲಾ ಕ್ಲಿಯರ್ ಆಗಿದೆ, ಹೆಸರು ತೆಗೆಸಿಲ್ಲ ಅಷ್ಟೇ’ ಅಂದರು. ಕಾಗದ ಕೇಳಿದೆವು. ವಾರ ಕಳೀತು, ಕಾಗದ ಬರಲಿಲ್ಲ. ಆಮೇಲೆ ಗೊತ್ತಾಗಿದ್ದು, ಸಾಲ ಇನ್ನೂ ಬಾಕಿ ಇತ್ತು. ಅಡ್ವಾನ್ಸ್ ವಾಪಸ್ ಕೇಳೋಕೆ ಹೋದಾಗ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಮಾತು ನಮ್ಮ ಪಾಲಿಗೆ ನಿಜವಾಯ್ತು. ಎರಡು ತಿಂಗಳು ಅಲೆದು 12,000 ವಾಪಸ್ ಬಂತು. ಉಳಿದ 8,000 ಈ ಪಾಠದ ಫೀಸು. ನೀವು ಕಟ್ಟೋದು ಬೇಡ ಅಂತ ಇದನ್ನ ಬರೀತಿದ್ದೀವಿ.

ಮೊದಲ ಸೂತ್ರ

1930ರ ಸರಕು ಮಾರಾಟ ಕಾಯ್ದೆಯ ಮೂಲತತ್ವ ಒಂದಿದೆ: ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರೋದಿಲ್ಲ. ಕೆಲವು ವಿನಾಯಿತಿಗಳಿವೆ, ಆದರೆ ನಮ್ಮಂಥವರು ಅವನ್ನ ನಂಬಿ ದುಡ್ಡು ಕೊಡಬಾರದು. ಕೀ, ಆರ್‌ಸಿ ಕಾರ್ಡು, ಗಾಡಿ ಮೂರೂ ಮಾರುವವನ ಕೈಯಲ್ಲೇ ಇರಬಹುದು. ಆದರೂ ಅದರ ಮೇಲೆ ಬ್ಯಾಂಕಿನ, ಕೋರ್ಟಿನ, ಪೊಲೀಸರ ಅಥವಾ ತೆರಿಗೆ ಇಲಾಖೆಯ ಹಿಡಿತ ಇರಬಹುದು. ಅದು ಎಂಜಿನ್ ಶಬ್ದದಲ್ಲಿ ಕೇಳಿಸಲ್ಲ, ದಾಖಲೆಯಲ್ಲಿ ಮಾತ್ರ ಕಾಣೋದು. ಆದ್ದರಿಂದ ಮೆಕ್ಯಾನಿಕ್‌ಗಿಂತ ಮೊದಲು ದಾಖಲೆ. ನಾವು ಉಲ್ಟಾ ಮಾಡಿದ್ದೆವು.

ಹೈಪಾಥಿಕೇಷನ್ ಅಂದರೇನು

ಸಾಲದಲ್ಲಿ ಕೊಂಡ ಗಾಡಿಯನ್ನ ಮಾಲೀಕ ಓಡಿಸ್ತಾನೆ, ಆದರೆ ಅದು ಸಾಲಕ್ಕೆ ಆಧಾರವಾಗಿರುತ್ತೆ. ಚಿನ್ನ ಅಡವಿಟ್ಟರೆ ಚಿನ್ನ ಬ್ಯಾಂಕಿನಲ್ಲಿರುತ್ತೆ. ಇಲ್ಲಿ ಗಾಡಿ ನಮ್ಮ ಹತ್ರಾನೇ ಇರುತ್ತೆ, ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಕೂತಿರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಪ್ರಕಾರ, ಆ ಹೆಸರು ಇರೋವರೆಗೂ ಅವರ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಓ ಮಾಲೀಕತ್ವ ಬದಲಾಯಿಸೋ ಹಾಗಿಲ್ಲ. ಕಂತು ತಪ್ಪಿದಾಗ ಸಾಲ ಕೊಟ್ಟವರು ಗಾಡಿಯನ್ನ ವಶಕ್ಕೆ ತಗೊಂಡು, ತಮ್ಮ ಹೆಸರಿಗೇ ಹೊಸ ಆರ್‌ಸಿ ಕೇಳೋದಕ್ಕೂ ಅದೇ ಕಲಂನಲ್ಲಿ ದಾರಿ ಇದೆ. ಅಂದರೆ ದುಡ್ಡು ಕೊಟ್ಟ ನಾವು ರಸ್ತೆಯಲ್ಲಿ, ಗಾಡಿ ಅವರ ಯಾರ್ಡಿನಲ್ಲಿ.

ಸಾಲ ನಿಜವಾಗಿ ತೀರಿದ್ದರೆ ಎರಡು ಕಾಗದ ಇರಬೇಕು: ಸಾಲ ಕೊಟ್ಟವರ ಎನ್‌ಓಸಿ, ಮತ್ತು ಅವರು ಸಹಿ ಮಾಡಿದ ಫಾರಂ 35. ಇವನ್ನ ಆರ್‌ಟಿಓಗೆ ಕೊಟ್ಟು ಹೆಸರು ತೆಗೆಸಿದ ಮೇಲೇ ಸಾಲ ದಾಖಲೆಯಲ್ಲಿ ಮುಗಿದ ಹಾಗೆ. ಸಾಲ ಬಾಕಿ ಇದ್ದರೂ ಗಾಡಿ ಬೇಕೇ ಬೇಕು ಅನ್ನಿಸಿದರೆ, ಮಾರುವವರ ಜೊತೆ ಬ್ಯಾಂಕಿಗೆ ಹೋಗಿ, ಬಾಕಿ ಎಷ್ಟು ಅಂತ ಲಿಖಿತವಾಗಿ ತಗೊಂಡು, ಅಷ್ಟನ್ನ ನೇರ ಸಾಲದ ಖಾತೆಗೇ ಕಟ್ಟಿ. ಮಾರುವವರ ಕೈಗೆ ಕೊಟ್ಟು ‘ಅವರೇ ಕಟ್ಟಿಕೊಳ್ತಾರೆ’ ಅಂತ ಕೂರಬೇಡಿ.

ಎಲ್ಲಿ ನೋಡಬೇಕು

ಮೊದಲನೇದು ಪರಿವಾಹನ್ ಪೋರ್ಟಲ್ ಅಥವಾ ಎಂಪರಿವಾಹನ್ ಆ್ಯಪ್. ಮೊಬೈಲ್ ನಂಬರಿನಿಂದ ಲಾಗಿನ್ ಆಗಿ ಗಾಡಿ ನಂಬರ್ ಹಾಕಿದರೆ ನೋಂದಣಿ ಸ್ಥಿತಿ, ಎಷ್ಟನೇ ಮಾಲೀಕ, ಇಂಧನ, ಫೈನಾನ್ಷಿಯರ್, ವಿಮೆ ಮತ್ತು ಮಾಲಿನ್ಯ ಪತ್ರದ ಅವಧಿ ಸಿಗುತ್ತೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನ ಮುಚ್ಚಿರ್ತಾರೆ, ಆದರೂ ಕಾಣೋ ಅಕ್ಷರಗಳನ್ನ ಮಾರುವವರ ಗುರುತಿನ ಚೀಟಿ ಜೊತೆ ಹೋಲಿಸಬಹುದು. ಸ್ಥಿತಿ ‘ಆ್ಯಕ್ಟಿವ್’ ಅಂತ ಇರಬೇಕು. ‘ಬ್ಲ್ಯಾಕ್‌ಲಿಸ್ಟ್’ ಅಂತ ಬಂದರೆ ಕಾರಣ ತಿಳಿಯೋವರೆಗೂ ಒಂದು ರೂಪಾಯಿನೂ ಕೊಡಬೇಡಿ.

ಎರಡನೇದು ನಮ್ಮ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿರೋ ‘ಬಿ ಎಕ್ಸ್‌ಟ್ರಾಕ್ಟ್’. ಇದು ಆರ್‌ಟಿಓ ರಿಜಿಸ್ಟರಿನಲ್ಲಿ ಆ ಗಾಡಿಯ ಬಗ್ಗೆ ಇರೋ ವಿವರಗಳ ಅಧಿಕೃತ ನಕಲು. ಕಾರ್ಡಿನ ಮೇಲೆ ಇರೋದು ಕಾರ್ಡು ಪ್ರಿಂಟ್ ಆದ ದಿನದ ಸತ್ಯ, ಇದು ಇವತ್ತಿನ ಸತ್ಯ. ಮಾಲೀಕರಿಂದಲೇ ತರಿಸಿ. ನಮ್ಮ ಸುತ್ತಮುತ್ತ ಕೆಎ-04 ಅಂದರೆ ಯಶವಂತಪುರ, ಕೆಎ-50 ಯಲಹಂಕ, ಕೆಎ-43 ದೇವನಹಳ್ಳಿ ಕಚೇರಿ.

ಮೂರನೇದು ಕಳವಿನ ತಪಾಸಣೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ್’ ಸೇವೆಯಲ್ಲಿ ನೋಂದಣಿ, ಎಂಜಿನ್, ಚಾಸಿಸ್ ನಂಬರ್ ಕೊಟ್ಟು ಗಾಡಿ ಪೊಲೀಸ್ ದಾಖಲೆಯಲ್ಲಿ ಕಳುವಾದದ್ದೇ ಅಂತ ನೋಡಬಹುದು.

ನಾಲ್ಕನೇದು ದಂಡ. ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲೂ ಕರ್ನಾಟಕ ಒನ್‌ನಲ್ಲೂ ಗಾಡಿ ನಂಬರ್ ಹಾಕಿ ಬಾಕಿ ನೋಡಬಹುದು. ಬಾಕಿ ಎಷ್ಟು ಬೆಟ್ಟದಷ್ಟಿತ್ತು ಅಂದರೆ ಸರ್ಕಾರವೇ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅರ್ಧ ರಿಯಾಯಿತಿ ಕೊಟ್ಟು ವಸೂಲಿ ಮಾಡಬೇಕಾಯ್ತು. ದಂಡ ಗಾಡಿ ನಂಬರಿನ ಹಿಂದೆ ಬರುತ್ತೆ. ನಾಳೆ ಹೆಬ್ಬಾಳದಲ್ಲಿ ನಿಲ್ಲಿಸಿದಾಗ ‘ಇದು ಹಳೇ ಓನರ್‌ದು ಸಾರ್’ ಅಂದರೆ ಉಪಯೋಗ ಇಲ್ಲ.

ಆ್ಯಪಿನಲ್ಲಿ ಕಾಣದೇ ಇರಬಹುದಾದ ತೊಡಕು

ಅಪರಾಧ ಪ್ರಕರಣದಲ್ಲಿ ಜಪ್ತಿಯಾದ ಗಾಡಿಯನ್ನ ಕೇಸು ಮುಗಿಯೋ ಮುಂಚೆ ಕೋರ್ಟು ಬಾಂಡ್ ಬರೆಸಿಕೊಂಡು ಮಾಲೀಕರಿಗೆ ತಾತ್ಕಾಲಿಕವಾಗಿ ಕೊಡೋದುಂಟು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 451ನೇ ಕಲಂನಲ್ಲಿದ್ದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 497ನೇ ಕಲಂ ಆಗಿದೆ. ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ತಂದು ಹಾಜರುಪಡಿಸಬೇಕು ಅನ್ನೋ ಷರತ್ತು ಇಂಥ ಆದೇಶಗಳಲ್ಲಿ ಸಾಮಾನ್ಯ. ಅದಕ್ಕೇ ‘ಈ ಗಾಡಿ ಯಾವುದಾದರೂ ಕೇಸಿನಲ್ಲಿ ಇತ್ತಾ?’ ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಅದನ್ನೇ ಮಾರಾಟದ ಕರಾರಿನಲ್ಲಿ ಬರೆಸಿ.

ಮಾರುವವರು ಆರ್‌ಸಿಯಲ್ಲಿರೋ ವ್ಯಕ್ತಿನೇನಾ ಅನ್ನೋದೂ ಮುಖ್ಯ. ‘ಅಪ್ಪನ ಗಾಡಿ, ಅವರು ತೀರಿಕೊಂಡರು’ ಅಂದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ಹರಾಜಿನಲ್ಲಿ ಕೊಂಡದ್ದಾದರೆ ಫಾರಂ 32ರ ದಾರಿ. ಮಧ್ಯದ ಒಂದು ಕೊಂಡಿ ತಪ್ಪಿದರೂ ನಮ್ಮ ಹೆಸರಿಗೆ ಬರೋ ಕೆಲಸ ನಿಲ್ಲುತ್ತೆ.

ಹೊರರಾಜ್ಯದ ಗಾಡಿ, ಹಳದಿ ಬೋರ್ಡಿನ ಗಾಡಿ

ದೆಹಲಿ ನಂಬರಿನ ದೊಡ್ಡ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ನಮ್ಮಲ್ಲಿ ಹಲವರಿಗೆ ಆಸೆ. 2015ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗೂ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೂ ಬೆಲೆ ಬಿತ್ತು. ಅಗ್ಗದ ಒಂದು ಗುಟ್ಟು ಇದು. ಇಂಥ ಗಾಡಿಗೆ ಮೂಲ ಆರ್‌ಟಿಓದ ಎನ್‌ಓಸಿ, ಅಂದರೆ ಫಾರಂ 28 ಬೇಕು. ಅದನ್ನ ಕೊಡೋ ಮುಂಚೆ ಕಳವಿನ ಕೇಸಿಲ್ಲ ಅಂತ ಪೊಲೀಸ್ ವರದಿ, ತೆರಿಗೆ ಬಾಕಿ ಎರಡನ್ನೂ ಅಲ್ಲಿನ ಕಚೇರಿ ನೋಡಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳೋದಾದರೆ ಹೊಸ ನೋಂದಣಿ ಕಡ್ಡಾಯ, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ.

ವಿಮಾನ ನಿಲ್ದಾಣದ ರಸ್ತೆಯಲ್ಲಿರೋ ನಮಗೆ ಇನ್ನೊಂದು ವಿಷಯ. ಟ್ಯಾಕ್ಸಿಯಾಗಿ ಓಡಿದ ಗಾಡಿ ಬಣ್ಣ ಬಳಿದುಕೊಂಡು ಮಾರಾಟಕ್ಕೆ ಬರುತ್ತೆ. ಬಿಳಿ ಬೋರ್ಡು ಹಾಕಿದ ಮಾತ್ರಕ್ಕೆ ಅದು ಖಾಸಗಿ ಗಾಡಿ ಅಲ್ಲ. ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ, ಆರ್‌ಸಿಯಲ್ಲಿ ವರ್ಗ ಬದಲಾಗಿರಬೇಕು.

ಯಲಹಂಕದವರಿಗೆ ಮಳೆಯ ಪಾಠವೂ ಗೊತ್ತು. 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿತ್ತು. ನೀರಲ್ಲಿ ಮುಳುಗಿದ ಗಾಡಿ ಯಾವ ಊರಿನದೇ ಇರಲಿ, ತೊಳೆದು ನಿಲ್ಲಿಸಿದರೆ ಹೊಸದರ ಹಾಗೇ ಕಾಣುತ್ತೆ. ವಿಮೆಯ ಹಳೇ ಕ್ಲೇಮುಗಳ ವಿವರ ಕೇಳಿ. ‘ಟೋಟಲ್ ಲಾಸ್’ ಅಂತ ಇತ್ಯರ್ಥವಾಗಿದ್ದರೆ ನೋಂದಣಿ ಇನ್ನೂ ಜೀವಂತ ಇದೆಯಾ ಅಂತ ಆರ್‌ಟಿಓದಲ್ಲಿ ಖಚಿತಪಡಿಸಿಕೊಳ್ಳಿ.

ಕಾಗದದ ಗಾಡಿ, ಎದುರಿಗಿರೋ ಗಾಡಿ

ಇಷ್ಟೂ ತಪಾಸಣೆ ನಂಬರನ್ನ ನಂಬಿ ಮಾಡಿದ್ದು. ಆ ನಂಬರು ಈ ಗಾಡಿಯದ್ದೇನಾ? ಚಾಸಿಸ್ ನಂಬರಿನಲ್ಲಿ 17 ಅಂಕಿ-ಅಕ್ಷರ ಇರುತ್ತವೆ. ಐ, ಓ, ಕ್ಯೂ ಅಕ್ಷರಗಳನ್ನ ಬಳಸೋದಿಲ್ಲ, ಯಾಕಂದರೆ 1 ಮತ್ತು 0 ಜೊತೆ ಗೊಂದಲ ಆಗುತ್ತೆ. ಮೊದಲ ಮೂರು ಸ್ಥಾನ ತಯಾರಕರದ್ದು: ಮಾರುತಿಗೆ ಎಂಎ3, ಹ್ಯುಂಡೈಗೆ ಎಂಎಎಲ್, ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ಗೆ ಎಂಬಿಜೆ. ಲೋಹದ ಮೇಲೆ ಕೆತ್ತಿದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆ ಅಚ್ಚನ್ನ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಉಜ್ಜಿದ ಗುರುತು, ಹೊಸ ವೆಲ್ಡಿಂಗ್, ಸಾಲು ತಪ್ಪಿದ ಅಂಕಿ ಕಂಡರೆ ಅಲ್ಲಿಂದ ಹೊರಡಿ.

ದುಡ್ಡು ಕೊಡೋ ದಿನ

ಮಾರುವವರ ಕಡೆಯಿಂದ ಫಾರಂ 29, ನಮ್ಮ ಕಡೆಯಿಂದ ಫಾರಂ 30. ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ವಿಮೆ ವರ್ಗಕ್ಕೆ ಕೊಂಡವರು 14 ದಿನದಲ್ಲಿ ವಿಮಾ ಕಂಪನಿಗೆ ಅರ್ಜಿ ಕೊಡಬೇಕು, ಇಲ್ಲದಿದ್ದರೆ ನಮ್ಮ ಗಾಡಿಗೆ ಆದ ಪೆಟ್ಟಿಗೆ ಪರಿಹಾರ ಸಿಗೋದು ಕಷ್ಟ. ಡೀಲರ್ ಬಳಿ ಕೊಳ್ಳೋದಾದರೆ ಅವರ ಅಧಿಕಾರ ಪತ್ರ ನೋಡಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರುಗಳಿಗೆ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಬೇಕು ಅನ್ನೋ ನಿಯಮ ಇದೆ. ಹಣ ಖಾತೆಗೇ ಹೋಗಲಿ, ಆರ್‌ಸಿಯಲ್ಲಿರೋ ಹೆಸರಿನ ಖಾತೆಗೆ. ಅಡ್ವಾನ್ಸ್ ಕೊಡಲೇಬೇಕಾದರೆ ‘ದಾಖಲೆಯಲ್ಲಿ ತೊಡಕು ಕಂಡರೆ ಪೂರ್ತಿ ವಾಪಸ್’ ಅಂತ ಒಂದು ಸಾಲು ಬರೆಸಿ ಸಹಿ ತಗೊಳ್ಳಿ. ಆ ಒಂದು ಸಾಲು ನಮ್ಮ ಹತ್ರ ಇರಲಿಲ್ಲ.

ಮಾರುವಾಗ ನಾವೂ ಅದೇ ತಪ್ಪು ಮಾಡ್ತೀವಿ

ಕೊನೇದಾಗಿ ನಮ್ಮ ಕ್ಯಾಂಪಸ್ಸಿನ ಮಾತು. ಪ್ರತಿ ವರ್ಷ ಕೊನೇ ವರ್ಷದವರು ಬೈಕುಗಳನ್ನ ಜೂನಿಯರ್‌ಗಳಿಗೆ ಕೊಟ್ಟು ಹೋಗ್ತಾರೆ. ಖಾಲಿ ಫಾರಂಗೆ ಸಹಿ, ಯುಪಿಐನಲ್ಲಿ ದುಡ್ಡು, ಮುಗೀತು. ಆರ್‌ಸಿಯಲ್ಲಿ ಮಾತ್ರ ರಾಯಚೂರಿನಲ್ಲೋ ಹಾಸನದಲ್ಲೋ ಇರೋ ಅಪ್ಪನ ಹೆಸರು ಹಾಗೇ ಇರುತ್ತೆ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೊದಲ ಮಾಲೀಕ 2007ರಲ್ಲೇ ಕಾರು ಮಾರಿದ್ದ. ಅದು ಕೈಯಿಂದ ಕೈಗೆ ಹೋಯ್ತು, ಆದರೆ ಆರ್‌ಸಿ ಯಾರೂ ಬದಲಿಸಲಿಲ್ಲ. 2009ರಲ್ಲಿ ಅಪಘಾತ ಆಗಿ ಒಂದು ಜೀವ ಹೋಯ್ತು. ಪರಿಹಾರದ ಹೊಣೆ ಯಾರದು? ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರದು ಅಂತ ಕೋರ್ಟು ಹೇಳಿತು. ಎರಡು ವರ್ಷದ ಹಿಂದೆ ಮಾರಿದ್ದೆ ಅನ್ನೋ ವಾದ ನಿಲ್ಲಲಿಲ್ಲ.

ನಮ್ಮ ಜೂನಿಯರ್ ಯಾರೋ ನಾಳೆ ಬಳ್ಳಾರಿ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಸಮನ್ಸು ಊರಲ್ಲಿರೋ ಅಪ್ಪನ ಮನೆ ಬಾಗಿಲಿಗೆ ಹೋಗಬಹುದು. ಆದ್ದರಿಂದ ಈ ಸಲ ಬೈಕು ಕೊಡುವ ಸೀನಿಯರ್‌ಗಳೇ, ಕೊಳ್ಳುವ ಜೂನಿಯರ್‌ಗಳೇ, ಅರ್ಜಿ ಸಲ್ಲಿಸಿದ ರಸೀದಿ ಇಬ್ಬರ ಫೋನಿನಲ್ಲೂ ಬರೋವರೆಗೂ ಕೀ ಕೊಡಬೇಡಿ, ತಗೊಳ್ಳಬೇಡಿ.

ನಾವು ನಾಲ್ವರು? ಆಮೇಲೆ ಯಲಹಂಕದಲ್ಲೇ ಇನ್ನೊಂದು ಗಾಡಿ ನೋಡಿದೆವು. ಈ ಸಲ ಮೊದಲು ಬಿ ಎಕ್ಸ್‌ಟ್ರಾಕ್ಟ್ ಕೇಳಿದೆವು. ಮಾಲೀಕರು ಮಾರನೇ ದಿನವೇ ತಂದುಕೊಟ್ಟರು. ಯಾರ ಹೆಸರಿಗೆ ಮಾಡಿಸೋದು ಅನ್ನೋದಕ್ಕೆ ಮಾತ್ರ ಒಂದು ಸಂಜೆ ಪೂರ್ತಿ ಜಗಳ ಆಯ್ತು. ಆರ್‌ಸಿಯಲ್ಲಿ ಹೆಸರು ಒಬ್ಬರದೇ, ಹೊಣೆಯೂ ಅವರದೇ. ಕೊನೆಗೆ ನಮ್ಮಲ್ಲಿ ನಿಧಾನಕ್ಕೆ ಓಡಿಸೋನ ಹೆಸರಿಗೇ ಮಾಡಿಸಿದೆವು, ಉಳಿದ ಮೂವರು ಅವನು ಹೇಳಿದ ಹಾಗೆ ಓಡಿಸ್ತೀವಿ ಅಂತ ಬರೆದುಕೊಟ್ಟೆವು.