ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಸಿಸ್ಟ್’ ಎಂದಿದ್ದರೆ

ಹೊಟ್ಟೆನೋವೆಂದು ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಬಂದು ಸ್ಕ್ಯಾನಿಂಗ್ ಮಾಡಿಸಿದವರಿಗೆ ಕಿಡ್ನಿಯಲ್ಲಿ ‘ಸಿಸ್ಟ್’ (ನೀರುಗುಳ್ಳೆ) ಇದೆ ಎಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. 50 ದಾಟಿದವರಲ್ಲಿ ಒಂದೆರಡು ಸಾದಾ ನೀರುಗುಳ್ಳೆ ಮಾಮೂಲು.

ವಂಶದಲ್ಲಿ ಬರುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯ ಮಾತೇ ಬೇರೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಅಂಥ ಮನೆಯ 15ರಿಂದ 39 ವರ್ಷದವರಲ್ಲಿ ಎರಡೂ ಕಿಡ್ನಿ ಸೇರಿ ಕನಿಷ್ಠ 3 ಗುಳ್ಳೆ, 40ರಿಂದ 59ರವರಲ್ಲಿ ಒಂದೊಂದರಲ್ಲೂ 2, ಅದಕ್ಕೂ ಹಿರಿಯರಲ್ಲಿ ಒಂದೊಂದರಲ್ಲೂ 4 ಕಂಡರೆ ವೈದ್ಯರು ಕಾಯಿಲೆ ಇದೆಯೆಂದೇ ತೀರ್ಮಾನಿಸುತ್ತಾರೆ. 20ರ ಹುಡುಗನ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಪೂರ್ತಿ ನಿರಾಳವಾಗುವಂತಿಲ್ಲ. ತೀರಾ ಸಣ್ಣ ಗುಳ್ಳೆ ತಪ್ಪಿಸಿಕೊಂಡಿರಬಹುದು.

ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ (ಹಿಂದಿನ ವಿಮ್ಸ್) ಹೋಗುವವರು ಹಳೆಯ ರಿಪೋರ್ಟನ್ನೂ ಒಯ್ಯಲಿ, ಮನೆತನದಲ್ಲಿ ಯಾರಿಗಾದರೂ ಡಯಾಲಿಸಿಸ್ ಆಗಿದ್ದರೆ ಮುಚ್ಚಿಡದೆ ಹೇಳಲಿ. ಬಿಪಿ, ಕ್ರಿಯಾಟಿನಿನ್ ನೋಡಿಸಲೇಬೇಕು. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಮಾತ್ರ ಬೇಡ.